ಓಮ್ನಿ ಸೀಟಿನ ಕೆಳಗಿನ ಟಕ್‌ಟಕ್ ಸಪ್ಪಳ

ಇವತ್ತು ಬೆಳಿ ಸುದ್ದಿ ಇಲ್ಲ, ಗಾಡಿ ಸುದ್ದಿ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಯಾವ ಸಂತಿಗೆ ಹೋದ್ರೂ ಹಳೇ ಮಾರುತಿ ಓಮ್ನಿ ಕಾಣ್ತಾವ. 1984ರಾಗ ಬಂದ ಗಾಡಿ, 2019ಕ್ಕ ಕಂಪನಿಯವ್ರು ಮಾಡೂದು ನಿಲ್ಲಿಸಿದ್ರು. ನಮ್ಮ ಕಡೆ ಮಾತ್ರ ಹಾಲಿನ ಕ್ಯಾನು, ಕಾಯಿಪಲ್ಲೆ, ಬೀಗರು ಎಲ್ಲಾ ಇನ್ನೂ ಅದರಾಗ. ನಂದೂ ಹಂತಾದ್ದ, ಕಾರ್ಬುರೇಟರ್ ಇದ್ದ ಹಳೇ ಮಾಡಲ್.

ಹ್ವಾದ ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕ ಹೋಗಿದ್ವಿ. ಗಾಡಿ ಸಾಲು ಮುಂದ ಸರೀವಲ್ದು. ಥಂಡಿ ಅಂತ ಗ್ಲಾಸ್ ಏರಿಸಿ, ಇಂಜಿನ್ ಚಾಲೂ ಇಟ್ಟು ತಾಸಗಟ್ಲೆ ಕುಂತ್ವಿ. ಮನಿಯಾಕಿಗೆ ತಲಿನೋವು, ಮೊಮ್ಮಗಳು ವಾಂತಿ ಮಾಡಿದ್ಲು, ನನಗ ಕಣ್ಣು ಎಳ್ಯಾಕ ಹತ್ತಿದ್ವು. ಊಟ ತ್ರಾಸ ಮಾಡ್ತು ಅಂದ್ಕೊಂಡ್ವಿ. ಬಾಗಲಾ ತಗದು ಗಾಳಿಗೆ ನಿಂತ ಮ್ಯಾಲ ಎಲ್ಲಾರೂ ಸುಧಾರಿಸಿದ್ವಿ. ಆವಾಗ ನನ್ನ ತಲಿಗೆ ಹೊಳೀತು: ಎರಡು ತಿಂಗಳಿಂದ ಸೀಟಿನ ಕೆಳಗ ಟಕ್‌ಟಕ್ ಅನ್ನಾಕ ಹತ್ತಿತ್ತು. ಹಳೇ ಗಾಡಿ ಅಂದ್ರ ಸಪ್ಪಳ ಇರೂದ ಅಂತ ನಾನ ಬಿಟ್ಟಿದ್ದೆ.

ಬ್ಯಾರೆ ಕಾರಿನ ಇಂಜಿನ್ ಮುಂದ ಬಾನೆಟ್‌ನ್ಯಾಗ ಇರ್ತೈತಿ. ಓಮ್ನಿದು ನಮ್ಮ ಕುಂಡಿ ಕೆಳಗ ಐತಿ. ಇಂಜಿನ್ನಿಂದ ಹೊಗಿ ಹೊರಗ ಬರೂ ಬೀಡಿನ ಕವಲು, ಅಂದ್ರ ಎಕ್ಸಾಸ್ಟ್ ಮ್ಯಾನಿಫೋಲ್ಡ್, ಅಲ್ಲೇ ಸೋರಿದ್ರ ಹೊಗಿ ಸೈಲೆನ್ಸರ್ ಕಡೆ ಹೋಗೂದು ಬಿಟ್ಟು ನೆಟ್ಟಗ ಸೀಟಿಗೆ ಬರ್ತೈತಿ. ಅದರಾಗ ಕಾರ್ಬನ್ ಮೊನಾಕ್ಸೈಡ್ ಇರ್ತೈತಿ. ವಾಸನಿ ಇಲ್ಲ, ಬಣ್ಣ ಇಲ್ಲ. ನಮ್ಮ ರಕ್ತ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನ ಹಿಡ್ಕೋತೈತಿ. ತಲಿನೋವು, ವಾಂತಿ, ಆಮ್ಯಾಲ ನಿದ್ದಿ. ಆ ನಿದ್ಯಾಗಿಂದ ಏಳದವರೂ ಅದಾರ.

"ಎಮಿಷನ್ ಟೆಸ್ಟ್ ಪಾಸ್ ಆಗೇತಲ್ಲ" ಅಂತೀರಿ. ಆ ನಳಿಗಿ ಇಡೂದು ಸೈಲೆನ್ಸರ್ ತುದಿಗೆ. ಸೀಟಿನ ಕೆಳಗ ಸೋರಿದ್ದು ಅದಕ್ಕ ಕಾಣೂದಿಲ್ಲ. ಮತ್ತ ನನ್ನಂಥ ಹಳೇ ಪೆಟ್ರೋಲ್ ಗಾಡಿಗೆ ಶೇ. 3ರ ತನಕ ಈ ವಿಷ ಇದ್ರೂ ಪಾಸ್. ಚೀಟಿ ನಂಬಿ ಮಕ್ಕಳ್ನ ಕುಂದ್ರಸಬ್ಯಾಡ್ರಿ.

ಮದ್ಲ ಒಬ್ಬ ಮಿಸ್ತ್ರಿ ನಟ್ ಬಿಗದು, ಮ್ಯಾಲ ಎಂ-ಸೀಲ್ ಬಡದು ಕೊಟ್ಟ. ಹದಿನೈದು ದಿನಕ್ಕ ಅದು ಸುಟ್ಟು ಉದುರಿ ಬಿತ್ತು. ಆಗೂದ ಮತ್ತ, ಮ್ಯಾನಿಫೋಲ್ಡ್ ಕಾವಿಗೆ ಎಂ-ಸೀಲ್ ಎಲ್ಲಿ ನಿಲ್ಲಬೇಕು? ಎರಡನೇ ಸಲ ಬರೇ ಹೊಸ ಗ್ಯಾಸ್ಕೆಟ್ ಹಾಕಿದ್ರು, ಎರಡು ತಿಂಗಳಿಗೆ ಅದೂ ಹ್ವಾತು. ಗ್ಯಾಸ್ಕೆಟ್ ಪಾಪ ಏನ್ ಮಾಡೀತು? ಕಾದು ಆರಿ, ಕಾದು ಆರಿ ಬೀಡು ಸೊಟ್ಟ ಆಗಿತ್ತು. ಸೊಟ್ಟ ಮುಖದ ಮ್ಯಾಲ ಎಷ್ಟು ಪ್ಯಾಕಿಂಗ್ ಹಾಕಿದ್ರೂ ಸೋರೂದ.

ಸೋರಾಕ ಹತ್ತೇತೇನ ನೋಡಾಕ ಮುಂಜಾನೆ ತಣ್ಣಗಿದ್ದಾಗ ಚಾಲೂ ಮಾಡ್ರಿ. ಆವಾಗ ಟಕ್‌ಟಕ್ ಜೋರು. ಕಾದ ಮ್ಯಾಲ ಬೀಡು ಹಿಗ್ಗಿ ಸಂದು ಮುಚ್ಚತೈತಿ, ಸಪ್ಪಳ ಕಡಿಮಿ ಆಗ್ತೈತಿ. "ತಾನ ಸರಿ ಆತು" ಅಂತ ನಾವು ಮೋಸ ಹೋಗೂದು ಇಲ್ಲೇ. ಸೀಟ್ ಎತ್ತಿ ನೋಡಿದ್ರ ಸೋರೂ ಜಾಗಾದಾಗ ಕರೇ ಮಸಿ ಹಿಡದಿರ್ತೈತಿ.

ಬಿಚ್ಚೂದು ಪೂರ್ತಿ ತಣ್ಣಗಾದ ಮ್ಯಾಲ. ಹೆಡ್ ಅಲ್ಯೂಮಿನಿಯಂದು, ಕಾದಾಗ ಜೋರ್ ಹಚ್ಚಿದ್ರ ಹೆಡ್ಡಿನ ಆಟೆ ಹಾಳಾಗ್ತಾವ. ಹಿಂದಿನ ದಿನಾನ ಸ್ಟಡ್ಡಿಗೆ ತುಕ್ಕು ಬಿಡಿಸೂ ಎಣ್ಣಿ ಹೊಡದು ಇಡ್ರಿ. ಒಮ್ಮೆಲೆ ತಿರುವಬ್ಯಾಡ್ರಿ, ಸ್ವಲ್ಪ ಬಿಚ್ಚಿ ಸ್ವಲ್ಪ ಬಿಗದು ಹಂಗ ಆಡಿಸ್ರಿ. ನಂದು ಒಂದು ಸ್ಟಡ್ ಹಂಗೂ ಮುರೀತು, ಲೇಥಿನವ್ರ ಕಡೆಯಿಂದ ತಗಸಿದೆ. ಅದಕ್ಕ ಅರ್ಧ ದಿನ ಹ್ವಾತು.

ಮ್ಯಾನಿಫೋಲ್ಡ್ ಕೈಗೆ ಬಂದ ಮ್ಯಾಲ ಸಣ್ಣ ಪಾನಾದಿಂದ ಮೆಲ್ಲಕ ಬಡದು ನೋಡ್ರಿ, ಸಂತ್ಯಾಗ ಗಡಿಗಿ ಬಡದು ನೋಡಿದಂಗ. ಠಣ್ ಅಂದ್ರ ಛಲೋ, ಬದ್ ಅಂದ್ರ ಸೀಳೇತಿ. ಸೀಳಿದ್ದಕ್ಕ ಬೀಡು ಕಾಸದ ಹಂಗ ವೆಲ್ಡಿಂಗ್ ಹೊಡದ್ರ ಬಾಜೂಕ ಮತ್ತ ಸೀಳತೈತಿ, ಬ್ಯಾರೆ ಹುಡುಕೂದ ಬರೋಬ್ಬರಿ. ಸೀಳಿಲ್ಲಂದ್ರ ಮುಖದ ಮ್ಯಾಲ ಸ್ಟೀಲ್ ಪಟ್ಟಿ ಇಟ್ಟು ಕೆಳಗ ಫೀಲರ್ ಗೇಜ್ ತೂರಿಸ್ರಿ. 0.1 ಮಿ.ಮೀ. ಪತ್ತಿ ಹ್ವಾದ್ರ ಲೇಥಿಗೆ ಒಯ್ದು ಮುಖ ಸಾಪ್ ಮಾಡಸ್ರಿ. ಇದು ನಾ ಇಟ್ಕೊಂಡ ಲೆಕ್ಕ. ಹೆಡ್ಡಿನ ಮುಖಾನೂ ಹಂಗ ನೋಡ್ರಿ. ಹಳೇ ನಟ್ ಉಳಿಸಿ ಜಿಪುಣತನ ಮಾಡಬ್ಯಾಡ್ರಿ, ಸ್ಟಡ್, ನಟ್, ಗ್ಯಾಸ್ಕೆಟ್ ಎಲ್ಲಾ ಹೊಸಾದು. ನಡುವಿನಿಂದ ಚಾಲೂ ಮಾಡಿ ತುದಿಗೆ, ಎರಡು-ಮೂರು ಸುತ್ತಿನಾಗ ಬಿಗೀರಿ. ನಾಕೈದು ದಿನ ಓಡಿಸಿ, ತಣ್ಣಗಿದ್ದಾಗ ಮತ್ತೊಮ್ಮೆ ನೋಡ್ರಿ.

ಒಂದು ಮಾತು ಮಿಸ್ತ್ರಿಗೋಳು ಹೇಳಲಿಲ್ಲ. ಸೈಲೆನ್ಸರ್ ತೂಗುಹಾಕಿದ ರಬ್ಬರ್ ನಂದು ಕಡದು ಹೋಗಿದ್ವು. ಪೈಪಿನ ಭಾರ ಎಲ್ಲಾ ಮ್ಯಾನಿಫೋಲ್ಡ್ ಮ್ಯಾಲ ಬಿದ್ದು, ನಮ್ಮ ಹೊಲದ ದಾರ್ಯಾಗ ಕುಣದು ಕುಣದು ಜಗ್ಗತಿತ್ತು. ರಬ್ಬರ್ ಬದಲಿ ಮಾಡಿದೆ. ಸೀಟಿನ ಕೆಳಗಿನ ಮುಚ್ಚಳದ ಸುತ್ತ ಇರೂ ಬೀಡಿಂಗ್ ಹರದಿತ್ತು, ಅದನ್ನೂ ಹೊಸಾದು ಹಚ್ಚಿಸಿದೆ. ನಿಮ್ಮದು ಹೆಂಗ ಐತಿ, ನಾಳೆ ಹಾಲಿಗೆ ಹೋಗೂ ಮುಂದ ಸೀಟ್ ಎತ್ತಿ ನೋಡ್ರಿ.