ಕಿಣ್ವದ ವಕ್ರರೇಖೆಯೂ ನಮ್ಮ ಪಠ್ಯಪುಸ್ತಕಗಳೂ

ಕಿಣ್ವಗಳ ಪಾಠವನ್ನು ಓದಿದ ವಿದ್ಯಾರ್ಥಿಗಳು ಒಂದು ಚಿತ್ರವನ್ನು ಬಲ್ಲರು. ಅಡ್ಡರೇಖೆಯಲ್ಲಿ ಆಧಾರದ್ರವ್ಯದ, ಎಂದರೆ ಕಿಣ್ವವು ಮಾರ್ಪಡಿಸುವ ವಸ್ತುವಿನ, ಸಾರತೆ. ಲಂಬರೇಖೆಯಲ್ಲಿ ಕ್ರಿಯೆಯ ವೇಗ. ವಕ್ರರೇಖೆಯು ಮೊದಲು ಕಡಿದಾಗಿ ಏರಿ, ಬರಬರುತ್ತ ಬಾಗಿ, ಕೊನೆಗೆ ‘ಗರಿಷ್ಠ ವೇಗ’ವೆಂಬ ಮೇಲ್ಗೆರೆಯನ್ನು ಸೇರಿಬಿಡುತ್ತದೆ. ಎಷ್ಟೋ ಪುಸ್ತಕಗಳಲ್ಲಿ ಕಾಣುವ ಈ ಕೊನೆಯ ಭಾಗಕ್ಕೆ ನಮ್ಮ ಆಕ್ಷೇಪವಿದೆ. ವಕ್ರರೇಖೆಯು ಮೇಲ್ಗೆರೆಯನ್ನು ಸಮೀಪಿಸುವುದೇ ಹೊರತು ಸೇರುವುದಿಲ್ಲ. ಚಿತ್ರಕಾರನ ಕೈತಪ್ಪೆಂದು ಇದನ್ನು ಬಿಟ್ಟುಬಿಡಲಾಗದು.

ಗರಿಷ್ಠದ ಅರ್ಧ ವೇಗ ಬರಲು ಬೇಕಾದ ಸಾರತೆಯನ್ನು ಒಂದು ಪಾಲೆಂದು ಇಟ್ಟುಕೊಳ್ಳೋಣ. ಸಾರತೆ 3 ಪಾಲಾದಾಗ ವೇಗವು ಮುಕ್ಕಾಲಾಗುತ್ತದೆ. 9 ಪಾಲಾದಾಗ ನೂರಕ್ಕೆ 90. ನೂರಕ್ಕೆ 99 ಆಗಬೇಕಾದರೆ 99 ಪಾಲು ಬೇಕು. ಪಾಲಿಗೊಂದು ಸೆಂಟಿಮೀಟರಿನಂತೆ ನಕ್ಷೆ ಬರೆಯುವವರು ಸುಮಾರು ಒಂದು ಮೀಟರು ಉದ್ದದ ಕಾಗದವನ್ನು ಹಾಸಬೇಕಾದೀತು. ಆಗಲೂ ಮೇಲ್ಗೆರೆಯ ಕೆಳಗೊಂದು ಸಂದಿ ಉಳಿದಿರುತ್ತದೆ.

ಈ ಸಂದಿಗೆ ಅರ್ಥವಿದೆ. ಕಿಣ್ವದ ಅಣುವಿನಲ್ಲಿ ಆಧಾರದ್ರವ್ಯವು ಬಂದು ಕೂಡುವ ಒಂದು ಕ್ರಿಯಾಸ್ಥಾನವುಂಟು. ಬಂದ ಅಣುವು ಮಾರ್ಪಟ್ಟು ಹೊರಟ ಮೇಲೆ, ಮುಂದಿನದು ಬರುವವರೆಗೆ ಆ ಸ್ಥಾನ ಬರಿದಾಗಿರುತ್ತದೆ. ಸಾರತೆ ಹೆಚ್ಚಿದಂತೆ ಈ ಬಿಡುವು ಕಿರಿದಾಗುತ್ತದೆ; ಆದರೆ ಇಲ್ಲವಾಗುವುದಿಲ್ಲ. ‘ಸಂತೃಪ್ತ’ ಕಿಣ್ವವೆಂದರೆ ಬಾಗಿಲು ಮುಚ್ಚಿದ ಛತ್ರವಲ್ಲ. ಒಬ್ಬರು ಎದ್ದೊಡನೆ ಇನ್ನೊಬ್ಬರು ಕೂಡುವ ಪಂಕ್ತಿ.

ಸಕ್ಕರೆಯ ಪ್ರಮಾಣವನ್ನು ಹೆಚ್ಚಿಸಿದರೂ ಯೀಸ್ಟಿನ ಇನ್ವರ್ಟೇಸ್ ಕಿಣ್ವದ ವೇಗ ಒಂದು ಹಂತದಿಂದಾಚೆಗೆ ಹೆಚ್ಚದೆಂಬುದನ್ನು ಇಂಗ್ಲೆಂಡಿನ ಏಡ್ರಿಯನ್ ಬ್ರೌನರು 1902ರಲ್ಲಿಯೇ ತೋರಿಸಿದ್ದರು. ಮರುವರ್ಷ ಪ್ಯಾರಿಸ್ಸಿನ ವಿಕ್ಟರ್ ಹೆನ್ರಿಯವರು ಅದಕ್ಕೆ ಸಮೀಕರಣವನ್ನು ಕೊಟ್ಟರು. ದ್ರಾವಣದ ಆಮ್ಲತೆಯನ್ನು ಬಿಗಿಹಿಡಿದು, ಕ್ರಿಯೆಯ ಆರಂಭದ ವೇಗವನ್ನೇ ಅಳೆದು, ಅದನ್ನು ಗಟ್ಟಿಮಾಡಿದವರು ಬರ್ಲಿನ್ನಿನ ಮೈಕೆಲಿಸ್ ಮತ್ತು ಮೆಂಟೆನ್, ಅದು 1913ರಲ್ಲಿ. (ಮೆಂಟೆನ್ ಎಂಬುವರು ಕೆನಡಾದಿಂದ ಬಂದ ವೈದ್ಯೆ ಮಾಡ್ ಮೆಂಟೆನ್. ಇದನ್ನಾದರೂ ನಮ್ಮ ಪುಸ್ತಕಗಳು ಒಂದು ಸಾಲಿನಲ್ಲಿ ಹೇಳಬಾರದೇಕೆ?) ಇಂದಿಗೂ ಅವರ ಹೆಸರಿನ ಸ್ಥಿರಾಂಕವು ಅರ್ಧ ವೇಗದ ಸಾರತೆಯನ್ನು ಸೂಚಿಸುತ್ತದೆ. ಅರ್ಧವನ್ನು ಅಳೆದು ಮುಟ್ಟಬಹುದು, ಗರಿಷ್ಠವನ್ನು ಲೆಕ್ಕದಿಂದ ಊಹಿಸಬೇಕು.

ತಪ್ಪು ಚಿತ್ರದಿಂದ ನಷ್ಟವೇನೆಂದು ಕೇಳುವವರಿಗೆ ನಾವು 1981ರ ಬೆಂಗಳೂರನ್ನು ನೆನಪಿಸುತ್ತೇವೆ. ಆ ವರ್ಷ ಮಿಥೈಲ್ ಆಲ್ಕೋಹಾಲ್ ಬೆರೆತ ಮದ್ಯವನ್ನು ಕುಡಿದು ಮುನ್ನೂರಕ್ಕೂ ಹೆಚ್ಚು ಮಂದಿ ಮಡಿದರು. ಯಕೃತ್ತಿನಲ್ಲಿರುವ ಆಲ್ಕೋಹಾಲ್ ಡಿಹೈಡ್ರೋಜಿನೇಸ್ ಕಿಣ್ವವು ಅದನ್ನು ಫಾರ್ಮಾಲ್ಡಿಹೈಡಾಗಿ ಮಾರ್ಪಡಿಸುತ್ತದೆ. ಅದರಿಂದ ಹುಟ್ಟುವ ಫಾರ್ಮಿಕ್ ಆಮ್ಲವು ಕಣ್ಣಿನ ನರವನ್ನು ಕೆಡಿಸಿ ಪ್ರಾಣವನ್ನೂ ತೆಗೆಯುತ್ತದೆ. ಇಂಥ ರೋಗಿಗೆ ಆಸ್ಪತ್ರೆಯಲ್ಲಿ ಕೊಡುವ ಮದ್ದುಗಳಲ್ಲೊಂದು ಶುದ್ಧವಾದ ಈಥೈಲ್ ಆಲ್ಕೋಹಾಲ್. ಅದೇ ಕಿಣ್ವಕ್ಕೆ ಇದರ ಮೇಲೆ ಒಲವು ಬಹಳ ಹೆಚ್ಚು. ಕ್ರಿಯಾಸ್ಥಾನಗಳನ್ನು ಇದು ಆಕ್ರಮಿಸಿಕೊಂಡಿರುವಷ್ಟು ಕಾಲ ಮಿಥೈಲ್ ಆಲ್ಕೋಹಾಲು ಮಾರ್ಪಡದೆ ಮೂತ್ರದ ಮೂಲಕವೋ ರಕ್ತಶೋಧನೆಯಿಂದಲೋ ಹೊರಬೀಳಲು ಅವಕಾಶವಾಗುತ್ತದೆ. ಕ್ರಿಯಾಸ್ಥಾನವನ್ನು ಇನ್ನೂ ಬಿಗಿಯಾಗಿ ಹಿಡಿಯುವ ಫೋಮೆಪಿಜೋಲ್ ಎಂಬ ಔಷಧವೂ ಈಗ ಉಂಟು.

‘ಮೈಕೆಲಿಸ್ ಸ್ಥಿರಾಂಕವನ್ನು ನಿರೂಪಿಸಿರಿ’ ಎಂದು ಪರೀಕ್ಷೆಯಲ್ಲಿ ಕೇಳುವುದಕ್ಕಿಂತ, ಈ ರೋಗಿಗೆ ಈಥೈಲ್ ಆಲ್ಕೋಹಾಲನ್ನು ಒಂದೇ ಸಲ ಕೊಟ್ಟು ನಿಲ್ಲಿಸದೆ ಗಂಟೆಗಟ್ಟಲೆ ರಕ್ತದಲ್ಲಿ ಕಾಯ್ದುಕೊಳ್ಳುವುದೇಕೆಂದು ಕೇಳುವುದು ಲೇಸು. ಮೇಲ್ಗೆರೆಯನ್ನು ಸೇರಿದ ಚಿತ್ರವನ್ನು ನಂಬಿದವನು, ಸ್ಥಾನಗಳೆಲ್ಲ ತುಂಬಿದವು, ಇನ್ನು ಭಯವಿಲ್ಲ ಎಂದಾನು. ಸ್ಥಾನಗಳು ಕ್ಷಣಕ್ಷಣಕ್ಕೂ ತೆರವಾಗುತ್ತವೆಯೆಂದೂ, ಮದ್ದನ್ನೇ ಕಿಣ್ವವು ಸುಮಾರು ಒಂದೇ ವೇಗದಲ್ಲಿ ಕರಗಿಸುತ್ತಿರುತ್ತದೆಯೆಂದೂ, ಅದು ಕಡಿಮೆಯಾದೊಡನೆ ರಕ್ತದಲ್ಲಿ ಕಾದಿರುವ ವಿಷವು ಆ ಸ್ಥಾನಗಳಿಗೆ ನುಗ್ಗುವುದೆಂದೂ ತಿಳಿದವನು ಬೇರೆ ಉತ್ತರವನ್ನು ಬರೆಯುವನು.