ವ್ಯವಹಾರದ ಮಾತು ಕಲಿಸಬಹುದಾದ ವಿದ್ಯೆ

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯನ್ನು ವ್ಯಾಪಾರಸ್ಥರಿಗೆ ವಿವರಿಸಿ ಹೇಳಬೇಕಾದ ಅಗತ್ಯವಿಲ್ಲ. ಬಂಡವಾಳ ಕಡಿಮೆಯಿದ್ದರೂ ಮಾತಿನ ಬಲದಿಂದಲೇ ಅಂಗಡಿ ಬೆಳೆಸಿದವರು ಪ್ರತಿಯೊಂದು ಪೇಟೆಯಲ್ಲಿಯೂ ಸಿಗುತ್ತಾರೆ. ಆದರೆ ಮಾತಿನ ಜಾಣ್ಮೆ ಹುಟ್ಟಿನಿಂದಲೇ ಬರಬೇಕು, ಬಾರದವನಿಗೆ ಎಂದಿಗೂ ಬಾರದು ಎಂಬ ನಂಬಿಕೆಯೂ ಅದೇ ಪೇಟೆಗಳಲ್ಲಿ ಬೇರೂರಿದೆ. ಈ ನಂಬಿಕೆಯು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂತಹ ಊರುಗಳಲ್ಲಿ ಒಂದು ವರ್ಗದ ಯುವಕ ಯುವತಿಯರನ್ನು ಮನೆಯ ಒಳಕೋಣೆಗೆ ಸೀಮಿತಗೊಳಿಸುವ ಅಪಾಯವಿದೆ. ಆದ್ದರಿಂದ ಈ ವಿಷಯವು ವಾಣಿಜ್ಯ ಸಂಘಗಳ ಗಮನಕ್ಕೆ ಬರಬೇಕಾದುದು ಅವಶ್ಯವಾಗಿದೆ.

ಆಟಿಸಂ, ಎಡಿಎಚ್‌ಡಿ, ಡಿಸ್‌ಲೆಕ್ಸಿಯಾ ಮೊದಲಾದವುಗಳನ್ನು ಇಂದು ‘ನರವೈವಿಧ್ಯ’ ಎಂಬ ಒಂದೇ ಹೆಸರಿನಡಿ ಗುರುತಿಸಲಾಗುತ್ತಿದೆ. ಇದು ಹುಚ್ಚಲ್ಲ, ಪೂರ್ವಜನ್ಮದ ಫಲವಲ್ಲ, ತಾಯಿಯ ಪಾಲನೆಯ ದೋಷವೂ ಅಲ್ಲ. ಮಿದುಳಿನ ಬೆಳವಣಿಗೆಯಲ್ಲಿಯೇ ಇರುವ ಭಿನ್ನತೆ. 2007ರಲ್ಲಿ ತೆರೆಕಂಡ ‘ತಾರೇ ಜಮೀನ್ ಪರ್’ ಚಲನಚಿತ್ರದಿಂದ ಡಿಸ್‌ಲೆಕ್ಸಿಯಾ ಎಂಬ ಪದ ಜನಸಾಮಾನ್ಯರವರೆಗೆ ತಲುಪಿತು. ಆದರೆ ಅಂತಹ ಬಾಲಕ ಬೆಳೆದು ದೊಡ್ಡವನಾದ ಮೇಲೆ ಏನು ಮಾಡುತ್ತಾನೆ ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ. ಶಾಲೆ ಇರುವವರೆಗೆ ಶಿಕ್ಷಕರಾದರೂ ಇರುತ್ತಾರೆ. ಶಾಲೆ ಮುಗಿದ ಮೇಲೆ ಇಡೀ ಭಾರ ತಂದೆತಾಯಿಗಳ ಮೇಲೆಯೇ ಬೀಳುತ್ತದೆ. ತಂದೆ ಅಂಗಡಿಯ ಮಾಲೀಕನಾಗಿದ್ದರೆ ‘ನನ್ನ ನಂತರ ಇವನ ಗತಿಯೇನು?’ ಎಂಬ ಚಿಂತೆಯೂ ಅದರೊಂದಿಗೆ ಸೇರಿಕೊಳ್ಳುತ್ತದೆ.

ಪೇಟೆಯ ಬರೆಯದ ನಿಯಮಗಳು

ಪೇಟೆಯ ಭಾಷೆ ನೇರವಾದುದಲ್ಲ. ‘ನೋಡೋಣ ತಗೋರಿ’ ಎಂದರೆ ‘ಬೇಡ’ ಎಂದರ್ಥ. ಆಟಿಸಂ ಇರುವ ಯುವಕ ಆ ಮಾತನ್ನು ಇದ್ದಂತೆಯೇ ಸ್ವೀಕರಿಸಿ ಮರುದಿನ ಬೆಳಿಗ್ಗೆ ಮತ್ತೆ ಅದೇ ಬಾಗಿಲಿಗೆ ಹೋಗಿ ನಿಲ್ಲಬಹುದು. ಗಿರಾಕಿ ‘ಕೊನೆಯ ದರ ಹೇಳ್ರಿ’ ಎಂದೊಡನೆ ನಿಜವಾಗಿಯೂ ಕೊನೆಯ ದರವನ್ನೇ ಹೇಳಿಬಿಡಬಹುದು. ಎಡಿಎಚ್‌ಡಿ ಇರುವವನು ಗಿರಾಕಿಯ ಮಾತು ಮುಗಿಯುವ ಮೊದಲೇ ಉತ್ತರ ಕೊಟ್ಟು ಅವಿವೇಕಿ ಎನಿಸಿಕೊಳ್ಳಬಹುದು. ಇಲ್ಲಿ ಕೊರತೆಯಿರುವುದು ಬುದ್ಧಿಯದಲ್ಲ. ಯಾರೂ ಬಾಯಿಬಿಟ್ಟು ಹೇಳದ ನಿಯಮಗಳ ಪರಿಚಯದ್ದು.

ಹಾಗೆ ನೋಡಿದರೆ ಈ ನಿಯಮಗಳು ಯಾರಿಗೂ ಹುಟ್ಟಿನಿಂದ ಬಂದವಲ್ಲ. ಜಾನುವಾರು ಸಂತೆಗಳಲ್ಲಿ ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುವ ಪದ್ಧತಿಯನ್ನು ಹಿರಿಯರ ಪಕ್ಕದಲ್ಲಿ ನಿಂತೇ ಕಲಿಯಬೇಕು. ಅಡತಿ ಅಂಗಡಿಗೆ ಸೇರಿದ ಹುಡುಗ ಮೊದಲು ಚೀಲ ಎಣಿಸುತ್ತಾನೆ, ಆಮೇಲೆ ತೂಕ ನೋಡುತ್ತಾನೆ, ನಂತರ ಕಿರ್ದಿ ಬರೆಯುತ್ತಾನೆ; ಗಿರಾಕಿಯೊಡನೆ ಮಾತಿಗೆ ಕುಳಿತುಕೊಳ್ಳುವುದು ಎಲ್ಲಕ್ಕಿಂತ ಕೊನೆಗೆ. ಈ ಮೆಟ್ಟಿಲುಗಳೇ ಸಾಮಾಜಿಕ ಕೌಶಲ್ಯದ ತರಬೇತಿ. ಕೆಲವರು ಅದನ್ನು ನೋಡಿಯೇ ಕಲಿಯುತ್ತಾರೆ. ಕೆಲವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ವ್ಯತ್ಯಾಸ ಇಷ್ಟೇ.

ತರಬೇತಿಯ ಸ್ವರೂಪ

ಅಮೆರಿಕದ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ಲಾಗೆಸನ್ ಮತ್ತು ಫ್ರೆಡ್ ಫ್ರಾಂಕೆಲ್ ಅವರು ‘ಪಿಯರ್ಸ್’ ಎಂಬ ಹೆಸರಿನ ತರಬೇತಿಯನ್ನು ರೂಪಿಸಿದರು. ಹದಿಹರೆಯದವರು ಹಾಗೂ ಯುವಕರು ವಾರಕ್ಕೊಮ್ಮೆ ಸೇರಿ, ಸಂಭಾಷಣೆಯನ್ನು ಹೇಗೆ ಆರಂಭಿಸಬೇಕು, ಹೇಗೆ ಮುಗಿಸಬೇಕು, ಚೇಷ್ಟೆ ಮಾಡಿದವರಿಗೆ ಹೇಗೆ ಉತ್ತರಿಸಬೇಕು ಎಂಬುದನ್ನು ಹಂತ ಹಂತವಾಗಿ ಅಭಿನಯಿಸಿ ಕಲಿಯುತ್ತಾರೆ. ವಾರದ ಅಭ್ಯಾಸಕ್ಕಾಗಿ ಮನೆಗೆಲಸವನ್ನು ಕೊಡಲಾಗುತ್ತದೆ. ತಂದೆತಾಯಿಗಳಿಗೂ ಪ್ರತ್ಯೇಕ ಪಾಠ ನಡೆಯುವುದು ಇದರ ವೈಶಿಷ್ಟ್ಯ. ಏಕೆಂದರೆ ತರಗತಿಯ ಹೊರಗೆ ತಿದ್ದಿ ಹೇಳುವವರು ಅವರೇ.

ಇಂತಹ ತರಬೇತಿಗಳಿಗೆ ಒಂದು ಮಿತಿಯುಂಟು. ಕೋಣೆಯೊಳಗೆ ಕಲಿತದ್ದು ಪೇಟೆಗೆ ಬಂದಾಗ ತಾನಾಗಿಯೇ ಕೈಗೂಡುವುದಿಲ್ಲ. ಈಜನ್ನು ದಂಡೆಯ ಮೇಲೆ ಕುಳಿತು ಕಲಿಯಲಾಗದು. ಆದ್ದರಿಂದ ತಜ್ಞರ ಜೊತೆಗೆ ಅಭ್ಯಾಸಕ್ಕೊಂದು ನಿಜವಾದ ಸ್ಥಳವೂ ಬೇಕು. ಆ ಸ್ಥಳವನ್ನು ಒದಗಿಸಬಲ್ಲವರು ವ್ಯಾಪಾರಸ್ಥರು ಮಾತ್ರ.

ಇನ್ನೊಂದು ಎಚ್ಚರಿಕೆಯೂ ಅಗತ್ಯ. ಸಂಶೋಧಕ ಡೇಮಿಯನ್ ಮಿಲ್ಟನ್ ಅವರು ಸ್ವತಃ ಆಟಿಸಂ ಉಳ್ಳವರು. ತಪ್ಪು ತಿಳಿವಳಿಕೆ ಒಂದೇ ಕಡೆಯಿಂದ ಆಗುವುದಿಲ್ಲ, ಉಳಿದವರು ಆಟಿಸಂ ಇರುವವರನ್ನು ಅರಿಯುವುದರಲ್ಲಿ ಅಷ್ಟೇ ಸೋಲುತ್ತಾರೆ ಎಂಬುದನ್ನು ಅವರು 2012ರಲ್ಲಿ ಪ್ರತಿಪಾದಿಸಿದರು. ಹೀಗಿರುವಾಗ ‘ಕಣ್ಣಲ್ಲಿ ಕಣ್ಣಿಟ್ಟು ಮಾತನಾಡು’ ಎಂದು ಒತ್ತಾಯಿಸಿ, ಯುವಕನನ್ನು ಉಳಿದವರ ನಕಲಿಯನ್ನಾಗಿ ಮಾಡುವುದು ತರಬೇತಿಯಲ್ಲ. ಅರ್ಥವಾಗದಿದ್ದರೆ ಮತ್ತೊಮ್ಮೆ ಕೇಳುವುದು, ಒಲ್ಲದ್ದಕ್ಕೆ ಇಲ್ಲ ಎನ್ನುವುದು, ಉದ್ರಿ ಕೇಳಿದವರನ್ನು ಯಾರ ಬಳಿಗೆ ಕಳುಹಿಸಬೇಕೆಂದು ತಿಳಿದಿರುವುದು, ಹಾಸ್ಯವನ್ನೂ ವಂಚನೆಯನ್ನೂ ಬೇರ್ಪಡಿಸುವುದು - ಇವು ಬದುಕಿಗೆ ಬೇಕಾದ ಪಾಠಗಳು. ಮಾಲೀಕನೂ ತನ್ನ ಮಾತನ್ನು ತಿದ್ದಿಕೊಳ್ಳಬೇಕು. ‘ಆ ಕಡೆ ಸ್ವಲ್ಪ ನೋಡ್ಕೋ’ ಎನ್ನುವ ಬದಲು ‘ಹನ್ನೊಂದು ಗಂಟೆಯೊಳಗೆ ಈ 20 ಚೀಲ ತೂಗಿ, ತೂಕವನ್ನು ಈ ವಹಿಯಲ್ಲಿ ಬರೆ’ ಎಂದರೆ ಕೆಲಸ ಆಗುತ್ತದೆ. ಇಂತಹ ಸ್ಪಷ್ಟತೆಯಿಂದ ಉಳಿದ ಕೆಲಸಗಾರರಿಗೂ ಲಾಭವೇ ಹೊರತು ನಷ್ಟವಿಲ್ಲ.

ಕರ್ನಾಟಕದ ನಿದರ್ಶನಗಳು

ಜರ್ಮನಿಯ ಎಸ್‌ಎಪಿ ಕಂಪನಿಯು 2013ರಲ್ಲಿ ಆಟಿಸಂ ಇರುವವರನ್ನು ಜಗತ್ತಿನಾದ್ಯಂತ ನೇಮಿಸಿಕೊಳ್ಳುವ ಯೋಜನೆಯನ್ನು ಪ್ರಕಟಿಸಿತು. ಅದಕ್ಕೆ ಪೂರ್ವಭಾವಿಯಾಗಿ ಭಾರತದಲ್ಲಿ ಆರು ಜನರನ್ನು ತಂತ್ರಾಂಶ ಪರೀಕ್ಷಕರನ್ನಾಗಿ ನೇಮಿಸಿ ಪ್ರಯೋಗ ಮಾಡಿತ್ತು. ಇದು ದೊಡ್ಡ ಕಂಪನಿಯ ಮಾತು, ಸಣ್ಣ ಪೇಟೆಗೆ ಒಗ್ಗದು ಎನ್ನುವವರು ಹುಬ್ಬಳ್ಳಿಯತ್ತ ನೋಡಬಹುದು. 2017ರಲ್ಲಿ ಅಲೀನಾ ಆಲಂ ಅವರು ಅಲ್ಲಿನ ಬಿವಿಬಿ ಎಂಜಿನಿಯರಿಂಗ್ ಕಾಲೇಜಿನ ಆವರಣದಲ್ಲಿ ‘ಮಿಟ್ಟಿ ಕೆಫೆ’ ಎಂಬ ಚಹಾ-ಉಪಾಹಾರದ ಅಂಗಡಿಯನ್ನು ತೆರೆದರು. ಅಲ್ಲಿ ದುಡಿಯುವವರು ದೈಹಿಕ, ಬೌದ್ಧಿಕ ಹಾಗೂ ಮಾನಸಿಕ ವೈಕಲ್ಯವುಳ್ಳವರು. ಗಿರಾಕಿಯನ್ನು ಕೇಳಿ, ತಿನಿಸು ಕೊಟ್ಟು, ಹಣ ಪಡೆಯುವ ವ್ಯವಹಾರವೇ ಅವರಿಗೆ ಪಾಠಶಾಲೆ. ಇದೇ ಕೆಫೆಯ ಶಾಖೆಯೊಂದು 2023ರ ನವೆಂಬರ್‌ನಲ್ಲಿ ದೆಹಲಿಯ ಸರ್ವೋಚ್ಚ ನ್ಯಾಯಾಲಯದ ಆವರಣದಲ್ಲಿಯೂ ಆರಂಭವಾಯಿತು. ಬೆಂಗಳೂರಿನಲ್ಲಿ 1999ರಿಂದ ಕಾರ್ಯನಿರತವಾಗಿರುವ ‘ಎನೇಬಲ್ ಇಂಡಿಯಾ’ ಸಂಸ್ಥೆಯು ಅಂಗವಿಕಲರ ಉದ್ಯೋಗ ತರಬೇತಿಯಲ್ಲಿ ಹೆಸರು ಮಾಡಿದೆ.

ಲಾಭಾಂಶ ಕಡಿಮೆ, ಹಬ್ಬದ ಗಲಾಟೆಯಲ್ಲಿ ಕಲಿಸುವ ಪುರುಸೊತ್ತಿಲ್ಲ, ಗಿರಾಕಿಗೆ ತಾಳ್ಮೆಯಿಲ್ಲ ಎಂಬ ಆಕ್ಷೇಪಣೆಗಳು ಸಹಜ ಮತ್ತು ಸತ್ಯ. ಆದರೆ ಯಾರೂ ದೀಪಾವಳಿಯ ದಿನ ಕಲಿಸಬೇಕಾಗಿಲ್ಲ. ವಾರಕ್ಕೆ ಮೂರು ದಿನ, ಮಧ್ಯಾಹ್ನದ ಬಿಡುವಿನ ಎರಡು ಗಂಟೆ ಸಾಕು. ಕಿರಾಣಿ ಅಂಗಡಿಯ ಪೊಟ್ಟಣ ಕಟ್ಟುವಿಕೆ, ಔಷಧಿ ಅಂಗಡಿಯ ದಾಸ್ತಾನು ಎಣಿಕೆ, ಇಂಡಿ ಭಾಗದ ಲಿಂಬೆಯ ವಿಂಗಡಣೆ, ಜಿಎಸ್‌ಟಿ ಬಿಲ್ಲುಗಳ ನಮೂದು - ಇವೆಲ್ಲ ಒಂದು ಕ್ರಮವಿರುವ ಕೆಲಸಗಳು. ಕೆಲವರಿಗೆ ಶಬ್ದವೇ ಹಿಂಸೆಯಾಗಿರುವುದರಿಂದ ದಾಲ್‌ಮಿಲ್ಲು, ಜಿನ್ನಿಂಗ್ ಕಾರ್ಖಾನೆಗಳ ಯಂತ್ರದ ಪಕ್ಕದ ಸ್ಥಳ ಅವರಿಗೆ ಹೊಂದದು. ಆಟಿಸಂ ಇರುವವರೆಲ್ಲ ಲೆಕ್ಕದಲ್ಲಿ ಅಸಾಧಾರಣರು ಎಂಬ ಕಲ್ಪನೆಯೂ ತಪ್ಪು. ವ್ಯಕ್ತಿಯನ್ನು ನೋಡಿಯೇ ಕೆಲಸವನ್ನು ನಿರ್ಧರಿಸಬೇಕು.

ಕಾನೂನು ಮತ್ತು ತೆರಿಗೆ

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು ಆಟಿಸಂ ಹಾಗೂ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಒಳಗೊಂಡು 21 ವಿಧದ ವೈಕಲ್ಯಗಳನ್ನು ಗುರುತಿಸಿದೆ. ಎಡಿಎಚ್‌ಡಿ ಆ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಇಲ್ಲ. ಕಾಯ್ದೆಯ 21ನೆಯ ಕಲಮಿನ ಪ್ರಕಾರ ಖಾಸಗಿ ಸಂಸ್ಥೆಗಳೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು. 20 ಅಥವಾ ಹೆಚ್ಚು ನೌಕರರಿರುವಲ್ಲಿ ಅದು ವಿವರವಾದ ನೀತಿಯಾಗಿರಬೇಕು.

ಆಟಿಸಂ ಅಥವಾ ಬೌದ್ಧಿಕ ನ್ಯೂನತೆಯುಳ್ಳ ಅವಲಂಬಿತರಿಗಾಗಿ ಖರ್ಚು ಮಾಡುವ ವ್ಯಕ್ತಿ ಅಥವಾ ಹಿಂದೂ ಅವಿಭಕ್ತ ಕುಟುಂಬಕ್ಕೆ 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 80ಡಿಡಿ ಎಂದು ಪರಿಚಿತವಾದ ಕಡಿತ 75,000 ರೂಪಾಯಿ. ವೈಕಲ್ಯ ಶೇಕಡಾ 80 ಅಥವಾ ಹೆಚ್ಚಿದ್ದರೆ 1,25,000 ರೂಪಾಯಿ. ಇದಕ್ಕೆ ವೈದ್ಯಕೀಯ ಪ್ರಮಾಣಪತ್ರ ಅವಶ್ಯ. ಹೊಸ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೆ ಈ ಕಡಿತ ದೊರೆಯದು. ಆದ್ದರಿಂದ ಪದ್ಧತಿಯನ್ನು ಆಯ್ಕೆ ಮಾಡುವ ಮೊದಲು ಎರಡೂ ಲೆಕ್ಕ ಹಾಕಿ ನೋಡುವುದು ಉಚಿತ.

ಇದಕ್ಕಿಂತ ಮಹತ್ವದ ಸಂಗತಿಯೊಂದಿದೆ. ಮಗನಿಗೆ 18 ವರ್ಷ ತುಂಬಿದೊಡನೆ ತಂದೆತಾಯಿಗಳ ಸಹಜ ಪೋಷಕತ್ವ ಕೊನೆಗೊಳ್ಳುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ನ್ಯೂನತೆ ಹಾಗೂ ಬಹುವೈಕಲ್ಯವುಳ್ಳವರಿಗೆ ಪೋಷಕರ ಅಗತ್ಯವಿದ್ದರೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಗಳನ್ನು ಒಳಗೊಂಡ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಸಲ್ಲಿಸಬಹುದು. ಆಸ್ತಿ, ಪಾಲುದಾರಿಕೆ, ಬ್ಯಾಂಕ್ ಖಾತೆಗಳಿರುವ ವ್ಯಾಪಾರಿ ಕುಟುಂಬಗಳು ಇದನ್ನು ಕೊನೆಗಾಲದವರೆಗೆ ಮುಂದೂಡಬಾರದು. ಆದರೆ ಪೋಷಕರನ್ನು ನೇಮಿಸಿದ ಮಾತ್ರಕ್ಕೆ ಬದುಕು ನಡೆಯದು. ಸ್ವಂತ ಸಹಿಯ ಅರ್ಥ ತಿಳಿದ, ಅನ್ಯಾಯವಾದಾಗ ಬಾಯಿಬಿಟ್ಟು ಹೇಳಬಲ್ಲ ಮಗನೇ ದೊಡ್ಡ ಭದ್ರತೆ.

ಸಂಘಗಳ ಹೊಣೆ

ಒಂದು ತಾಲ್ಲೂಕಿಗೆ ಐದು ಅಂಗಡಿ ಅಥವಾ ಘಟಕಗಳು ಮುಂದೆ ಬಂದರೂ ನಾಲ್ಕು ತಾಲ್ಲೂಕುಗಳಲ್ಲಿ 20 ಅಭ್ಯಾಸ ಸ್ಥಳಗಳಾಗುತ್ತವೆ. ತಜ್ಞರನ್ನು ಪ್ರತಿಯೊಬ್ಬರೂ ಕರೆಸುವುದು ಅಸಾಧ್ಯ. ಸಂಘವು ತಿಂಗಳಿಗೊಮ್ಮೆ ಕರೆಸಿ ಮಾಲೀಕರಿಗೂ ತಂದೆತಾಯಿಗಳಿಗೂ ಒಟ್ಟಿಗೆ ಮಾರ್ಗದರ್ಶನ ಕೊಡಿಸಬಹುದು. ನಿಯಮಗಳು ಮೊದಲೇ ಸ್ಪಷ್ಟವಾಗಿರಬೇಕು: ಬಾಲಕರಿಂದ ದುಡಿಸಿಕೊಳ್ಳಬಾರದು, ಕಲಿಕೆಯ ಹೆಸರಿನಲ್ಲಿ ಪುಕ್ಕಟೆ ದುಡಿಮೆ ನಡೆಯಬಾರದು, ಕೆಲಸಕ್ಕೆ ಸೇರಿದ ದಿನದಿಂದ ಕಾನೂನಿನಂತೆ ಕನಿಷ್ಠ ವೇತನ ಸಲ್ಲಬೇಕು, ಯುವಕರ ಫೋಟೋ ಪ್ರಚಾರಕ್ಕೆ ಬಳಕೆಯಾಗಬಾರದು, ಹೆಣ್ಣುಮಕ್ಕಳಿಗೂ ಅವಕಾಶವಿರಬೇಕು.

ಬಸವಣ್ಣನವರು ಜನಿಸಿದ ನೆಲ ಬಾಗೇವಾಡಿ. ಕಾಯಕದಲ್ಲಿ ಮೇಲು ಕೀಳಿಲ್ಲ ಎಂಬ ತತ್ತ್ವವನ್ನು ಪ್ರತಿವರ್ಷ ಜಯಂತಿಯ ವೇದಿಕೆಗಳಲ್ಲಿ ಕೇಳುತ್ತೇವೆ. ಕಾಯಕ ಮಾಡಲು ಸಿದ್ಧನಿದ್ದವನಿಗೆ ಅದನ್ನು ಕಲಿಯುವ ಸ್ಥಳವೇ ಇಲ್ಲವಾದರೆ ಆ ಮಾತಿಗೆ ಬೆಲೆ ಉಳಿಯದು. ತಾಲ್ಲೂಕು ವಾಣಿಜ್ಯ ಸಂಘಗಳು ತಮ್ಮ ಮುಂದಿನ ಕಾರ್ಯಕಾರಿ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ತೆಗೆದುಕೊಂಡು, ಸಿದ್ಧರಿರುವ ಸದಸ್ಯರ ಹೆಸರುಗಳನ್ನು ದಾಖಲಿಸುವುದು ಅಪೇಕ್ಷಣೀಯ.