ಕೊಟ್ಟಿಗೆಯ ಎತ್ತಿಗೆ ದಿನಕ್ಕೆ ಕಾಲು ಗಂಟೆ

ಟ್ರ್ಯಾಕ್ಟರು, ಟಿಲ್ಲರುಗಳು ಬಂದ ಮೇಲೆ ರೈತನಿಗೂ ಎತ್ತಿಗೂ ಇದ್ದ ಒಡನಾಟ ಬಹಳ ಕಡಿಮೆಯಾಗಿದೆ. ಹಿಂದೆ ನಸುಕಿನಿಂದ ಬಿಸಿಲೇರುವವರೆಗೆ ನೇಗಿಲಿನ ಹಿಂದೆ ಮುಂದೆ ಇಬ್ಬರೂ ನಡೆಯುತ್ತಿದ್ದರು. ಈಗ ಉಳುಮೆ ಬೇಗ ಮುಗಿಯುತ್ತದೆ, ಎತ್ತುಗಳು ಗೂಟದಲ್ಲೇ ಉಳಿಯುತ್ತವೆ. ಮಾರಲು ಮನಸ್ಸು ಬಾರದೆ ಜೋಡಿಯನ್ನು ಉಳಿಸಿಕೊಂಡ ಅನೇಕ ರೈತ ಬಾಂಧವರು, ಅವುಗಳ ಬಳಿ ನಿಲ್ಲಲೂ ಪುರಸೊತ್ತಿಲ್ಲವಲ್ಲ, ಮೂಕಪ್ರಾಣಿಗೆ ಅನ್ಯಾಯವಾಗುತ್ತಿದೆಯಲ್ಲ ಎಂದು ನೊಂದುಕೊಳ್ಳುತ್ತಾರೆ. ಈ ನೋವು ಒಳ್ಳೆಯ ಮನಸ್ಸಿನ ಗುರುತು. ಆದರೆ ಬರಿಯ ನೋವಿನಿಂದ ಎತ್ತಿಗೆ ಏನೂ ಸಿಗುವುದಿಲ್ಲ.

ಮೊದಲು ಒಂದು ಸಂಗತಿ ತಿಳಿಯಬೇಕು. ಎತ್ತು ಹಗಲೆಲ್ಲ ನಮ್ಮ ದಾರಿ ಕಾಯುವುದಿಲ್ಲ. ದನಗಳು ದಿನಕ್ಕೆ ಸುಮಾರು 10ರಿಂದ 12 ಗಂಟೆ ಮಲಗುತ್ತವೆ, 7-8 ಗಂಟೆ ಮೆಲುಕು ಹಾಕುತ್ತವೆ. ಅವು ಮಂದೆಯ ಪ್ರಾಣಿಗಳು, ಜೊತೆಯ ಎತ್ತು ಪಕ್ಕದಲ್ಲಿದ್ದರೆ ನೆಮ್ಮದಿಯಾಗಿರುತ್ತವೆ. ನಮ್ಮಿಂದ ಬೇಕಾದುದು ಹೊತ್ತಿಗೆ ಸರಿಯಾಗಿ ಮೇವು, ನೀರು, ಪರಿಚಯದ ಕೈ, ಗೂಟದಿಂದ ಬಿಚ್ಚಿ ಸ್ವಲ್ಪ ಅಡ್ಡಾಡಿಸುವುದು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೆ: ಕಾಲು ಗಂಟೆ ಸಾಕು, ಆದರೆ ಅದು ದಿನವೂ ಇರಬೇಕು. ಕಾರಹುಣ್ಣಿಮೆಯಲ್ಲೋ ಸಂಕ್ರಾಂತಿಯಲ್ಲೋ ಕೊಂಬಿಗೆ ಬಣ್ಣ ಬಳಿದು ಮೆರೆಸಿದರೆ ವರ್ಷದ ಬಾಕಿ ತೀರುವುದಿಲ್ಲ. ದಿನವೂ ಮೈ ತಿಕ್ಕಿರಿ, ಗಂಗೆದೊಗಲನ್ನು ಸವರಿರಿ. ದನಗಳು ಒಂದನ್ನೊಂದು ನೆಕ್ಕುವ ಜಾಗ ಕತ್ತು. ಅಲ್ಲಿ ಸವರಿದರೆ ಕತ್ತು ಚಾಚಿ ಕಿವಿ ಇಳಿಬಿಡುವುದನ್ನು ನೀವೇ ಕಾಣುವಿರಿ.

ಇದು ಮುದ್ದಿನ ಮಾತಷ್ಟೇ ಅಲ್ಲ. ನಾನು ಬೇಸಾಯ ಶಾಸ್ತ್ರದವನು, ಪಶುವೈದ್ಯನಲ್ಲ. ಆದರೂ ರೋಗವನ್ನು ಮೊದಲು ಕಾಣುವುದು ಒಡೆಯನ ಕೈ ಎಂಬುದನ್ನು ಬಲ್ಲೆ. 2022ರಲ್ಲಿ ಚರ್ಮಗಂಟು ರೋಗ ನಮ್ಮ ರಾಜ್ಯದಲ್ಲಿ ಹಬ್ಬಿದಾಗ ಚರ್ಮದ ಮೇಲಿನ ಗಂಟುಗಳೇ ಅದರ ಕುರುಹಾಗಿದ್ದವು. ಎತ್ತು ಪದೇ ಪದೇ ತಲೆ ಕೊಡವಿದರೆ, ಕೊಂಬನ್ನು ಗೋಡೆಗೆ ಉಜ್ಜಿದರೆ, ಒಂದು ಮೂಗಿನ ಹೊಳ್ಳೆಯಿಂದ ರಕ್ತ ಬಂದರೆ ಕೊಂಬಿನ ಕ್ಯಾನ್ಸರ್ ಇರಬಹುದು. ತಡಮಾಡದೆ ಪಶುವೈದ್ಯರಿಗೆ ತೋರಿಸಬೇಕು. ಕೆಲಸವಿಲ್ಲದೆ ನಿಂತ ಎತ್ತಿನ ಗೊರಸು ಸವೆಯದೆ ಬೆಳೆಯುತ್ತದೆ, ಹೆಗಲು ಮೆತ್ತಗಾಗುತ್ತದೆ. ಇಂತಹ ಎತ್ತನ್ನು ಮುಂಗಾರು ಬಂತೆಂದು ಒಮ್ಮೆಲೇ ದಿನವಿಡೀ ಹೂಡಿದರೆ ಹೆಗಲು ಬಾತು ಹುಣ್ಣಾಗುತ್ತದೆ. ಮೊದಲ ಕೆಲವು ದಿನ ಸ್ವಲ್ಪ ಹೊತ್ತು ಮಾತ್ರ ಹೂಡಿ, ಕ್ರಮೇಣ ಹೆಚ್ಚಿಸಬೇಕು.

ಕಾಲು ಗಂಟೆಯೂ ಸಿಗದವರು ಏನು ಮಾಡಬೇಕು? ಮನೆಯಲ್ಲಿ ಒಬ್ಬರಿಗೆ ಈ ಕೆಲಸ ಗೊತ್ತುಮಾಡಿರಿ. ದಿನಕ್ಕೊಬ್ಬರ ಕೈ ಬೇಡ. ಅದೂ ಆಗದಿದ್ದರೆ, ಟ್ರ್ಯಾಕ್ಟರ್ ಬಾಡಿಗೆ ಕೊಡಲಾರದ ನೆರೆಯ ಸಣ್ಣ ರೈತನಿಗೆ ಎಡೆಕುಂಟೆ ಹೊಡೆಯಲು ಜೋಡಿಯನ್ನು ಮುಯ್ಯಿಗೆ ಕೊಡಿರಿ. ಎತ್ತನ್ನು ಚೆನ್ನಾಗಿ ನೋಡಿಕೊಳ್ಳುವವನೇ ಆಗಿರಬೇಕೆಂಬುದೊಂದೇ ಷರತ್ತು. ಅವನ ಹೊಲದ ಕಳೆ ಹೋಗುತ್ತದೆ, ನಿಮ್ಮ ಎತ್ತಿನ ಕಾಲು ಆಡುತ್ತದೆ. ಮಮತೆಯಿಂದಲೇ ಆದರೂ ಬಿಚ್ಚದೆ ಕಟ್ಟಿಹಾಕಿದರೆ ಎತ್ತಿಗೆ ಅದು ಸೆರೆಯೇ.